ಬೋರಜ್ಜನ ಚಿಪ್ಪಿನ ಮೇಲೆ

ಕುರುಚಲು ಕಾಡಿನ ನಡುವೆ, ದೊಡ್ಡದೊಂದು ಬಂಡೆಯ ಬುಡದಲ್ಲಿ, ಬೇಸಿಗೆಯಲ್ಲೂ ಬತ್ತದ ಕೊಳವಿತ್ತು. ಅದರ ಒಂದು ದಡದಲ್ಲಿ ಹಳೆಯ ಹೊಂಗೆ ಮರ. ಇನ್ನೊಂದು ದಡದಲ್ಲಿ ಬರೀ ಗರಸು ನೆಲ, ಸಣ್ಣ ಕಲ್ಲು, ಒಣಹುಲ್ಲು, ಅದರಾಚೆ ತೆರೆದ ಬಯಲು.

ಹೊಂಗೆ ಮರದ ಪೊಟರೆಯಲ್ಲಿ ಚಿಗಳಿ ಎಂಬ ಅಳಿಲು ವಾಸವಾಗಿದ್ದಳು. ಅವಳಿಗೆ ಮೂರು ಮರಿಗಳು. ಮೂರೂ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆಚೆ ದಡದ ಗರಸಿನ ಮೇಲೆ ಗಂಗಕ್ಕ ಎಂಬ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟು ಕಾವು ಕೂತಿದ್ದಳು. ಟಿಟ್ಟಿಭಗಳು ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ, ಕಲ್ಲುಗಳ ನಡುವೆ, ಕಲ್ಲಿನಂಥದೇ ಚುಕ್ಕೆ ಚುಕ್ಕೆ ಮೊಟ್ಟೆ ಇಡುತ್ತವೆ.

ಬಂಡೆಯ ಕೆಳಗಿನ ಬಿಲದಲ್ಲಿ ಭರಮಣ್ಣ ಎಂಬ ಮುಳ್ಳುಹಂದಿ ಇದ್ದ. ಪೊದೆಗಳ ನಡುವೆ ಕೆಂಚಪ್ಪ ಎಂಬ ಕೆಂಬೂತ ಇದ್ದ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಗುಲಗಂಜಿಯಂಥ ಕೆಂಪು ಕಣ್ಣು. ಬೆಳಿಗ್ಗೆ ಎದ್ದ ಕೂಡಲೇ ಕೆಂಬೂತ ಕಣ್ಣಿಗೆ ಬಿದ್ದರೆ ಆ ದಿನ ಒಳ್ಳೆಯದಾಗುತ್ತದೆ ಎಂದು ಕೊಳದವರಿಗೆಲ್ಲ ನಂಬಿಕೆ. ಹಾಗಾಗಿ ಅವನು ಯಾರ ಮನೆಯ ಮುಂದೆ ಹಾದುಹೋದರೂ "ಬನ್ನಿ ಕೆಂಚಪ್ಪನವರೇ, ಬನ್ನಿ" ಎನ್ನುತ್ತಿದ್ದರು. ಅವನು ಯಾಕೆ ಬಂದ ಎಂದು ಯಾರೂ ಕೇಳುತ್ತಿರಲಿಲ್ಲ.

ಇನ್ನು ಬೋರಜ್ಜ. ಅವನೊಂದು ಆಮೆ. ವಯಸ್ಸು ಎಷ್ಟು ಅಂತ ಅವನಿಗೇ ಗೊತ್ತಿಲ್ಲ. ಕೊಳದಲ್ಲಿ ಯಾವ ತಕರಾರು ಬಂದರೂ ತೀರ್ಪು ಹೇಳುವುದು ಅವನೇ. ಅವನ ಕ್ರಮ ಮಾತ್ರ ಬೇರೆ ಯಾವ ಕಾಡಿನಲ್ಲೂ ಇಲ್ಲದ್ದು. ಯಾರ ಮೇಲೆ ಅನುಮಾನವೋ ಅವರು ಒಬ್ಬೊಬ್ಬರಾಗಿ ಅವನ ಬೆನ್ನಿನ ಚಿಪ್ಪು ಹತ್ತಿ, ಎದೆ ಊರಿ ಮಲಗಬೇಕು. ಬೋರಜ್ಜ ಕಣ್ಣು ಮುಚ್ಚಿ, ಚಿಪ್ಪಿನ ಮೂಲಕ ಅವರ ಎದೆಬಡಿತ ಕೇಳುತ್ತಾನೆ. ಯಾರ ಎದೆ ಎಲ್ಲರಿಗಿಂತ ವೇಗವಾಗಿ ಬಡಿಯುತ್ತದೋ ಅವರೇ ತಪ್ಪಿತಸ್ಥರು. ಅಷ್ಟೇ, ಮುಗಿಯಿತು.

"ನನ್ನ ಎದೆ ನೋಡಿ," ಎನ್ನುತ್ತಿದ್ದ ಬೋರಜ್ಜ. "ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸಣ್ಣ ನಿದ್ದೆ ತೆಗೆಯಬಹುದು. ಯಾಕೆ ಹೇಳಿ? ನನ್ನಲ್ಲಿ ಕಳ್ಳತನ ಇಲ್ಲ!"

ಆಮೆಯ ಎದೆ ಹುಟ್ಟಿದಾಗಿನಿಂದಲೂ ನಿಧಾನವೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದನೋ ಇಲ್ಲವೋ.

ಒಂದು ಬೆಳಿಗ್ಗೆ ಆಚೆ ದಡದಿಂದ ಕೂಗು ಎದ್ದಿತು.

"ಟಿಟ್ಟಿಟ್ಟೀ! ಟಿಟ್ಟಿಟ್ಟೀ! ಅಯ್ಯೋ, ನನ್ನ ಮೊಟ್ಟೆ! ನನ್ನ ಮೊಟ್ಟೆ ಎಲ್ಲಿ?"

ಇಡೀ ಕೊಳ ಬೆಚ್ಚಿಬಿತ್ತು. ಮೊಟ್ಟೆ ತಂಪಾಗಿಡಲೆಂದು ಗಂಗಕ್ಕ ನೀರಿಗಿಳಿದು ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ ಒಂದು ಮೊಟ್ಟೆ ಮಾಯವಾಗಿತ್ತು! ಕೊಳದಲ್ಲಿ ಜಗಳ ಆಗಿದ್ದುಂಟು, ಬೈದಾಡಿದ್ದುಂಟು. ನೆರೆಯವರ ಮೊಟ್ಟೆಗೆ ಬಾಯಿ ಹಾಕಿದ್ದು ಮಾತ್ರ ಹಿಂದೆಂದೂ ಇರಲಿಲ್ಲ.

ಕಪ್ಪೆಗಳ ವಟವಟ ಗಂಟಲಲ್ಲೇ ನಿಂತಿತು. ಭರಮಣ್ಣನ ಬೆನ್ನಿನ ಮುಳ್ಳುಗಳು ಗರಗರ ಸದ್ದು ಮಾಡುತ್ತ ಎದ್ದು ನಿಂತವು. ಚಿಗಳಿಯ ಬಾಲ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಉಬ್ಬಿತು. ಬೋರಜ್ಜ ಗಬಕ್ಕನೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಕೆಂಚಪ್ಪ ಮಾತ್ರ ಪೊದೆಯಿಂದ ನಿಧಾನವಾಗಿ ಹೊರಬಂದು, "ಛೆ ಛೆ ಛೆ, ಎಂಥ ಕಾಲ ಬಂತು ಗಂಗಕ್ಕ!" ಎಂದ.

"ಎಲ್ಲರೂ ಚಿಪ್ಪು ಹತ್ತಿ," ಎಂದ ಬೋರಜ್ಜ, ಗಂಗಕ್ಕನ ದಡಕ್ಕೆ ಬಂದು, ತಲೆ ಹೊರಗೆ ಹಾಕಿ.

ಮೊದಲು ಭರಮಣ್ಣ. ಅವನದು ದೊಡ್ಡ ಮೈ, ಚಿಪ್ಪಿನ ಮೇಲೆ ಮುಂಗಾಲು ಮತ್ತು ಎದೆ ಮಾತ್ರ ಹಿಡಿಸಿತು.

"ಬೇಗ ನೋಡಿ ಅಜ್ಜ. ಇರುಳೆಲ್ಲ ಗೆಡ್ಡೆ ಅಗೆದು ಸುಸ್ತಾಗಿದೆ. ಹಗಲು ನಿದ್ದೆ ಕೆಡಿಸಿದ ಆ ಕಳ್ಳ ಕೈಗೆ ಸಿಗಲಿ, ಅವನನ್ನು..."

"ಸುಮ್ಮನಿರು ಮಾರಾಯ, ಕೇಳಿಸಲ್ಲ. ಹೂಂ. ದಬ್, ದಬ್. ಜೋರಾಗಿದೆ, ವೇಗ ಅಷ್ಟಿಲ್ಲ. ಇಳಿ."

ಆಮೇಲೆ ಕೆಂಚಪ್ಪ. ಅವನು ಹತ್ತಿದ್ದೂ ಗೊತ್ತಾಗಲಿಲ್ಲ, ಮಲಗಿದ್ದೂ ಗೊತ್ತಾಗಲಿಲ್ಲ. ಬೋರಜ್ಜನ ಮುಖ ಅರಳಿತು.

"ಆಹಾ! ನೋಡ್ರಪ್ಪ, ಹೀಗಿರಬೇಕು. ಥೇಟ್ ನನ್ನ ಎದೆಯ ಹಾಗೇ ಇದೆ. ಎಲ್ಲರೂ ಇವರನ್ನು ನೋಡಿ ಕಲಿಯಿರಿ."

"ಎಲ್ಲ ನಿಮ್ಮ ಆಶೀರ್ವಾದ ಅಜ್ಜ," ಎಂದ ಕೆಂಚಪ್ಪ.

ಕೊನೆಗೆ ಚಿಗಳಿ. ಚಿಪ್ಪಿನ ಮೇಲೆ ಕಾಲಿಟ್ಟಾಗಲೇ ಅವಳ ಕಾಲು ನಡುಗುತ್ತಿತ್ತು. ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಎದೆ ಊರಿದಳು.

ಟಕಟಕಟಕಟಕಟಕಟಕ!

ಬೋರಜ್ಜ ಹೌಹಾರಿ ಕಣ್ಣು ತೆರೆದ. "ಅಬ್ಬಬ್ಬಾ! ಇದೇನು ಎದೆಯೋ, ಬಂಡೆ ಮೇಲೆ ಸುರಿದ ಆಲಿಕಲ್ಲೋ? ಸಿಕ್ಕಿತು! ಕಳ್ಳಿ ಸಿಕ್ಕಿದಳು!"

"ಅಜ್ಜಾ, ಇಲ್ಲ ಅಜ್ಜ! ನನ್ನ ಎದೆ ಯಾವಾಗಲೂ ಹೀಗೇನೆ. ಮಲಗಿದಾಗಲೂ ಹೀಗೇನೆ! ನಾನು ಯಾಕೆ ಗಂಗಕ್ಕನ ಮೊಟ್ಟೆ ತೆಗೆಯಲಿ? ನನಗೂ ಮಕ್ಕಳಿಲ್ಲವಾ?"

"ಮತ್ತೆ ಕಾಲು ಯಾಕೆ ನಡುಗುತ್ತಿದೆ?"

"ಭಯ ಅಜ್ಜ."

"ಕದಿಯದವರಿಗೆ ಭಯ ಯಾಕೆ?"

ಚಿಗಳಿಗೆ ಉತ್ತರ ಹೊಳೆಯಲಿಲ್ಲ. ನಿಮಗಾದರೂ ಹೊಳೆಯುತ್ತಿತ್ತೇ ಮಕ್ಕಳೇ? ಕ್ಲಾಸಿನಲ್ಲಿ ಯಾರದೋ ಪೆನ್ಸಿಲ್ ಕಳೆದು, ಟೀಚರ್ ಒಬ್ಬೊಬ್ಬರ ಮುಖ ನೋಡುತ್ತ ಬಂದಾಗ, ಏನೂ ಮಾಡದೆ ಕೂತವರ ಕಿವಿಯೂ ಬಿಸಿಯಾಗುವುದಿಲ್ಲವೇ? ಆದರೆ ಬೋರಜ್ಜ ಯಾವ ಕ್ಲಾಸಿನಲ್ಲೂ ಕೂತವನಲ್ಲ. ಅವನನ್ನು ಯಾರೂ ಹಾಗೆ ನೋಡಿಯೂ ಇರಲಿಲ್ಲ.

"ನಾಳೆ ಹೊತ್ತು ಮುಳುಗುವುದರೊಳಗೆ ಕೊಳ ಬಿಟ್ಟು ಹೋಗಬೇಕು," ಎಂದು ಅವನು ತೀರ್ಪು ಕೊಟ್ಟ. "ಬಯಲಿನಾಚೆ ಜಾಲಿ ಮರ ಇದೆಯಲ್ಲ, ಅಲ್ಲಿರು."

"ಬಯಲಿನಾಚೆಯೇ?" ಎಂದಳು ಚಿಗಳಿ. "ಅಲ್ಲಿ ನೀರಿಲ್ಲ ಅಜ್ಜ. ಬಯಲಿನ ಮೇಲೆ ದಿನವೂ ಹದ್ದು ಸುತ್ತುತ್ತಿರುತ್ತೆ. ಮರಿಗಳನ್ನ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಬೇಕು. ಕಣ್ಣು ಬಿಡುವ ತನಕವಾದರೂ..."

"ತೀರ್ಪು ಅಂದರೆ ತೀರ್ಪು."

ಗಂಗಕ್ಕ ಚಿಗಳಿಯ ಮರದ ಕಡೆ ಒಮ್ಮೆ ನೋಡಿದಳು. ಉಳಿದ ಮೂರು ಮೊಟ್ಟೆಗಳ ಮೇಲೆ ಸುಮ್ಮನೆ ಕೂತಳು.

ಮರುದಿನ ಬೆಳಿಗ್ಗೆ ಚಿಗಳಿ ಮೊದಲ ಮರಿಯನ್ನು ಬಾಯಲ್ಲಿ ಹಿಡಿದು ಮರ ಇಳಿದಳು. ಎಲ್ಲರೂ ಗರಸಿನ ದಡದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಅವಳು ಬಯಲಿನ ಅರ್ಧಕ್ಕೆ ಬಂದಿದ್ದಳಷ್ಟೇ, ನೆಲದ ಮೇಲೆ ಒಂದು ನೆರಳು ಜಾರಿತು.

"ಹದ್ದು!" ಎಂದು ಕಪ್ಪೆಯೊಂದು ಕಿರುಚಿ ನೀರಿಗೆ ಹಾರಿತು.

ಚಿಗಳಿ ಕಲ್ಲಾದಳು. ಓಡಬೇಕು ಎಂದು ಗೊತ್ತಿದ್ದರೂ ಕಾಲು ಏಳಲಿಲ್ಲ. ನೆರಳು ದೊಡ್ಡದಾಗುತ್ತ ಬಂತು.

ಆಗ ಯಾರೂ ಎಣಿಸದ ಸಂಗತಿ ನಡೆಯಿತು. ಗಂಗಕ್ಕ ಮೊಟ್ಟೆ ಬಿಟ್ಟು ಎದ್ದಳು! "ಟಿಟ್ಟಿಟ್ಟೀ! ಟಿಟ್ಟಿಟ್ಟೀ!" ಎಂದು ಅರಚುತ್ತ ಬಾಣದ ಹಾಗೆ ಹಾರಿ, ಹದ್ದಿನ ಮೂತಿಗೇ ನುಗ್ಗಿದಳು. ಹದ್ದು ತಬ್ಬಿಬ್ಬಾಗಿ ಪಕ್ಕಕ್ಕೆ ವಾಲಿತು. ಗಂಗಕ್ಕ ಬಿಡಲಿಲ್ಲ, ಮತ್ತೆ ನುಗ್ಗಿದಳು. ಕೆಳಗೆ ಚಿಗಳಿಯ ಕಾಲಿಗೆ ಜೀವ ಬಂತು. ಅವಳು ಒಂದೇ ಉಸಿರಿಗೆ ಓಡಿ ಜಾಲಿ ಮರದ ಬೇರಿನ ಸಂದಿಗೆ ನುಸುಳಿದಳು. ಹದ್ದು ಸುಮ್ಮನೆ ಹೋಗಲಿಲ್ಲ. ಅದೇ ಜಾಲಿ ಮರದ ತುದಿಯಲ್ಲಿ ಕೂತು ಕೆಳಗೆ ನೋಡತೊಡಗಿತು.

ಗಂಗಕ್ಕ ಏದುಸಿರು ಬಿಡುತ್ತ ತನ್ನ ಜಾಗಕ್ಕೆ ಮರಳಿದಳು. ನೋಡಿದಳು. ಮತ್ತೆ ನೋಡಿದಳು.

ಎರಡೇ ಮೊಟ್ಟೆ ಇದ್ದವು.

ಈ ಸಲ ಅವಳು ಕೂಗಲೇ ಇಲ್ಲ. ಅದನ್ನು ಕಂಡು ಎಲ್ಲರ ಮೈ ಜುಮ್ಮೆಂದಿತು. ಇನ್ನೊಬ್ಬರ ಮರಿ ಉಳಿಸಲು ಹೋದವಳ ಮೊಟ್ಟೆಯನ್ನು, ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತಿನಲ್ಲಿ, ಬೆನ್ನ ಹಿಂದೆಯೇ ಕದ್ದಿದ್ದರು!

"ಚಿಗಳಿ ಅಲ್ಲಿದ್ದಾಳೆ," ಎಂದ ಭರಮಣ್ಣ ಬಯಲಿನ ಕಡೆ ಮೂತಿ ತೋರಿಸಿ. "ನಾವೆಲ್ಲ ಕಣ್ಣಾರೆ ನೋಡುತ್ತಿದ್ದೆವು. ಹಾಗಾದರೆ ಇದನ್ನು ಕದ್ದವರು ಯಾರು ಅಜ್ಜ?"

ಬೋರಜ್ಜ ಸಿಡಿಮಿಡಿಗೊಂಡು ಕತ್ತು ತಿರುಗಿಸಿದ.

"ಯಾರದು? ಯಾರು ನನ್ನ ಚಿಪ್ಪು ಹತ್ತಿರುವುದು? ನಾನಿನ್ನೂ ಕರೆದೇ ಇಲ್ಲ. ಇಳಿ ಕೆಳಗೆ!"

ಎಲ್ಲರೂ ಮುಖ ಮುಖ ನೋಡಿಕೊಂಡರು.

"ಯಾರೂ ಹತ್ತಿಲ್ಲ ಅಜ್ಜ," ಎಂದಳು ಗಂಗಕ್ಕ ಮೆಲ್ಲಗೆ.

"ಸುಳ್ಳು! ಬಡಿಯುತ್ತಿದೆ ನೋಡಿ, ದಡ ದಡ ಅಂತ! ಚಿಪ್ಪು ಅದುರುತ್ತಿದೆ!"

"ಮೇಲೆ ಯಾರೂ ಇಲ್ಲ. ಅದು ನಿಮ್ಮದೇ ಎದೆ."

ಬೋರಜ್ಜನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೀಗೆ ಬಡಿಯದ ಎದೆ! ಕತ್ತು ಬಿಸಿಯಾಗಿತ್ತು. ತಲೆಯನ್ನು ಒಳಗೆ ಎಳೆದುಕೊಂಡು ಇನ್ನೆಂದೂ ಹೊರಗೆ ಹಾಕಬಾರದು ಎನ್ನಿಸುತ್ತಿತ್ತು.

"ಭಲೇ!" ಎಂದ ಭರಮಣ್ಣ. "ಹಾಗಾದರೆ ಕಳ್ಳ ನೀವೇ. ಗಂಟುಮೂಟೆ ಕಟ್ಟಿ ಅಜ್ಜ, ಜಾಲಿ ಮರ ಕಾಯುತ್ತಿದೆ."

"ನಾನು ಕದ್ದಿಲ್ಲ ಕಣೋ! ಆ ಮರಿ... ಆ ಹದ್ದು... ನಾನೇ ಕಳಿಸಿದೆನಲ್ಲ ಅವಳನ್ನ..." ಬೋರಜ್ಜ ಬಯಲಿನ ಕಡೆ ಕತ್ತು ಚಾಚಿದ. "ಕದಿಯದೇ ಇದ್ದರೂ ಎದೆ ಬಡಿಯುತ್ತೆ. ಅಯ್ಯೋ, ಬಡಿಯುತ್ತೆ! ಭರಮಾ, ಓಡು, ಅವಳನ್ನು ಕರೆದುಕೊಂಡು ಬಾ."

"ಸ್ವಲ್ಪ ತಾಳಿ," ಎಂದು ಕೆಂಚಪ್ಪ ಮುಂದೆ ಬಂದ. "ನಾನು ಕೆಟ್ಟದ್ದು ಹೇಳುವವನಲ್ಲ. ಆದರೆ ಯೋಚನೆ ಮಾಡಿ. ಇವತ್ತಿನದು ಯಾರೋ, ನಿನ್ನೆಯದು ಅವಳೇ ಇರಬಹುದಲ್ಲ? ಕಳ್ಳರು ಇಬ್ಬರು ಇರಬಾರದು ಅಂತ ಎಲ್ಲಿದೆ? ತೀರ್ಪನ್ನು ಹೀಗೆ ಗಳಿಗೆಗೊಂದು ಸಲ ಬದಲಿಸಿದರೆ ನಾಳೆ ನಿಮ್ಮ ಮಾತು ಯಾರು ಕೇಳುತ್ತಾರೆ ಅಜ್ಜ?"

ಕಪ್ಪೆಗಳು ಹೌದು ಹೌದು ಎಂದವು. ಹೊಂಗೆ ಮರದ ಪೊಟರೆಯಲ್ಲಿ ಉಳಿದಿದ್ದ ಎರಡು ಮರಿಗಳು ಹಸಿವಿನಿಂದ ಚೀಂಗುಟ್ಟುತ್ತಿದ್ದವು. ಬಯಲಿನಾಚೆ ಹದ್ದು ಒಂದು ಕೊಂಬೆ ಕೆಳಗಿಳಿದು ಕೂತಿತು.

"ಹಾಗಾದರೆ ಈಗಲೇ ಕಳ್ಳ ಸಿಗಬೇಕು," ಎಂದ ಬೋರಜ್ಜ. "ಮತ್ತೆ ಚಿಪ್ಪು ಹತ್ತಿ. ಎದೆಯ ಮಾತು ಬಿಡಿ. ಎರಡನೇ ಮೊಟ್ಟೆ ಹೋಯಿತು ಅಂತ ಗೊತ್ತಾದಾಗ ಮೈಯಲ್ಲಿ ಏನಾಯಿತು, ಅದನ್ನು ಹೇಳಿ."

"ನನಗೆ ಸಿಟ್ಟು," ಎಂದ ಭರಮಣ್ಣ. "ಬೆನ್ನಿನ ಬುಡದಿಂದ ಬಿಸಿ ಏರಿ ತಲೆಗೆ ಬಂತು. ಮುಳ್ಳುಗಳು ತಾವಾಗೇ ಎದ್ದವು. ಇನ್ನೂ ಇಳಿದಿಲ್ಲ ನೋಡಿ."

"ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು," ಎಂದಿತೊಂದು ಕಪ್ಪೆ. "ಎರಡು ಸಲ ಉಚ್ಚೆಯೂ ಆಯಿತು." ಬೇರೆ ಹೊತ್ತಾಗಿದ್ದರೆ ಎಲ್ಲರೂ ನಗುತ್ತಿದ್ದರು.

"ನನ್ನ ರೆಕ್ಕೆ ಭಾರವಾಗಿದೆ," ಎಂದಳು ಗಂಗಕ್ಕ. "ಗಂಟಲಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಿದೆ. ನುಂಗಿದರೂ ಇಳಿಯುತ್ತಿಲ್ಲ."

ಕೆಂಚಪ್ಪ ಚಿಪ್ಪು ಹತ್ತಿ ಆರಾಮವಾಗಿ ಎದೆ ಊರಿ ಕೂತ. "ನನಗೇನೂ ಆಗಿಲ್ಲಪ್ಪ. ನನ್ನದು ಶಾಂತ ಸ್ವಭಾವ."

ಏನೂ ಆಗಿಲ್ಲ! ಕಣ್ಣೆದುರಿಗೇ ಇಂಥದ್ದು ನಡೆದರೂ ಏನೂ ಆಗಿಲ್ಲ! ಗಂಗಕ್ಕ ತಲೆ ಎತ್ತಿ ಅವನನ್ನು ನೋಡಿದಳು. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳ ಕಾಲ ಬಳಿ ಇದ್ದ ಎರಡು ಮೊಟ್ಟೆಗಳ ಮೇಲಿತ್ತು. ಕೆಂಪು ಕಣ್ಣಿನ ನಡುವಿನ ಕರಿ ಚುಕ್ಕೆ ಸಣ್ಣದಾಗುತ್ತಿತ್ತು, ದೊಡ್ಡದಾಗುತ್ತಿತ್ತು. ಅವನು ಗುಟುಕ್ಕನೆ ಒಮ್ಮೆ ನುಂಗಿದ. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಮತ್ತೆ ನುಂಗಿದ.

ಕೆಳಗೆ ಬೋರಜ್ಜನಿಗೂ ಏನೋ ತಿಳಿಯಿತು. ಎದೆ ನಿಧಾನವಾಗಿಯೇ ಬಡಿಯುತ್ತಿತ್ತು. ಆದರೆ ಕೆಂಚಪ್ಪನ ಉಗುರುಗಳು? ಅವು ಚಿಪ್ಪನ್ನು ಬಿಗಿಯಾಗಿ ಹಿಡಿಯುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು.

ಟಿಟ್ಟಿಭಗಳಿಗೆ ಒಂದು ವಿದ್ಯೆ ಗೊತ್ತು. ಮೊಟ್ಟೆಯ ಹತ್ತಿರ ಶತ್ರು ಬಂದರೆ, ರೆಕ್ಕೆ ಮುರಿದವರಂತೆ ನಟಿಸಿ ಅವನನ್ನು ದೂರ ಎಳೆದೊಯ್ಯುತ್ತವೆ. ಗಂಗಕ್ಕ ಈಗ ರೆಕ್ಕೆಯನ್ನೇನೂ ಮಾಡಲಿಲ್ಲ. ಒಂದು ನಿಟ್ಟುಸಿರು ಬಿಟ್ಟಳು, ಅಷ್ಟೇ.

"ಹೋಗಲಿ ಬಿಡಿ ಅಜ್ಜ. ಇವತ್ತು ಹೋದ ಮೊಟ್ಟೆಗೆ ನಾನು ಅಳುವುದಿಲ್ಲ. ಅದು ಕೊಳೆತದ್ದು."

"ಕೊಳೆತದ್ದೇ?" ಎಂದ ಬೋರಜ್ಜ.

"ಹೂಂ. ಒಳಗೆಲ್ಲ ಹಸಿರು ಕೀವಿನ ಹಾಗೆ ಆಗಿತ್ತು. ಹತ್ತಿರ ಮೂಗು ಇಡಲು ಆಗುತ್ತಿರಲಿಲ್ಲ. ಹುಳ ಮಿಜಿಮಿಜಿ ಅನ್ನುವುದು ಹೊರಗಿನಿಂದಲೇ ಗೊತ್ತಾಗುತ್ತಿತ್ತು. ದೂರ ಉರುಳಿಸಬೇಕು ಅಂತಿದ್ದೆ. ಪಾಪ, ತಿಂದವರ ಹೊಟ್ಟೆಯಲ್ಲಿ ಈಗ ಆ ಹುಳಗಳು..."

ಕೆಂಚಪ್ಪನ ಕತ್ತು ಒಮ್ಮೆ ಮುಂದಕ್ಕೆ ಚಾಚಿತು.

"...ಬೆಚ್ಚಗೆ ಹರಿದಾಡುತ್ತಿರಬಹುದು," ಎಂದು ಗಂಗಕ್ಕ ಮಾತು ಮುಗಿಸಿದಳು.

ಕೆಂಚಪ್ಪ ಬಾಯಿ ಮುಚ್ಚಿ ಹಿಡಿದ. ಗರಿಗಳೆಲ್ಲ ಮೈಗೆ ಅಂಟಿಕೊಂಡವು. ಕತ್ತು ಒಮ್ಮೆ ಉಬ್ಬಿತು, ಒಮ್ಮೆ ಇಳಿಯಿತು.

"ವ್ಯಾಕ್!"

ಬೋರಜ್ಜನ ಚಿಪ್ಪಿನ ಮೇಲೆಯೇ ಬಿತ್ತು. ಹಳದಿ ಲೋಳೆ, ಅದರ ನಡುವೆ ಚುಕ್ಕೆ ಚುಕ್ಕೆಯ ಮೊಟ್ಟೆಯ ಸಿಪ್ಪೆ. ಎಲ್ಲ ತಾಜಾ.

ಬೆಳಿಗ್ಗೆ ಎದ್ದು ಯಾರ ಮುಖ ನೋಡಲು ಕಾಯುತ್ತಿದ್ದರೋ, ಅವನೇ! ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಬೋರಜ್ಜ. ಯಾಕೆಂದರೆ ಈ ಹೊತ್ತಿನಲ್ಲೂ, ಸಿಕ್ಕಿಬಿದ್ದ ಮೇಲೂ, ಚಿಪ್ಪಿನ ಮೇಲಿನ ಎದೆ ನಿಧಾನವಾಗಿಯೇ ಬಡಿಯುತ್ತಿತ್ತು. ಅದು ಅವನಿಗೆ ಮಾತ್ರ ಕೇಳಿಸಿತು.

"ಅದು... ಮಿಡತೆ ತಿಂದಿದ್ದೆ..." ಎಂದ ಕೆಂಚಪ್ಪ.

"ಮಿಡತೆಗೆ ಚುಕ್ಕೆ ಸಿಪ್ಪೆ ಯಾವಾಗ ಬಂತೋ?" ಎಂದು ಭರಮಣ್ಣ ಬೆನ್ನು ತಿರುಗಿಸಿ ಮುಳ್ಳು ಗರಗರ ಮಾಡುತ್ತ ಹಿಮ್ಮುಖವಾಗಿ ನುಗ್ಗಿದ. ಕೆಂಚಪ್ಪ ತೊಡೆಗೆ ಒಂದು ಮುಳ್ಳು ಚುಚ್ಚಿಸಿಕೊಂಡು, ಕುಂಟುತ್ತ, ಹಾರುತ್ತ, ಕುರುಚಲು ಕಾಡಿನಲ್ಲಿ ಮರೆಯಾದ. ಆ ಕೊಳದ ಕಡೆ ಮತ್ತೆ ಬರಲಿಲ್ಲ.

"ಗಂಗಮ್ಮಾ, ಆ ಮೊಟ್ಟೆ ನಿಜವಾಗಿಯೂ ಕೊಳೆತಿತ್ತೇ?" ಎಂದು ಕೇಳಿದ ಬೋರಜ್ಜ.

"ಇಲ್ಲ ಅಜ್ಜ," ಎಂದಳು ಗಂಗಕ್ಕ. "ಒಳಗೆ ಜೀವ ಮಿಡಿಯುವುದು ಆಗಷ್ಟೇ ಶುರುವಾಗಿತ್ತು." ಅಷ್ಟು ಹೇಳಿ ಅವಳು ಉಳಿದ ಎರಡರ ಮೇಲೆ ರೆಕ್ಕೆ ಹರಡಿ ಕೂತಳು.

ಭರಮಣ್ಣ ನಿಲ್ಲದೆ ಬಯಲಿಗೆ ಓಡಿದ್ದ. ಸಿಟ್ಟಿನಲ್ಲಿ ಎದ್ದ ಮುಳ್ಳುಗಳನ್ನು ಹಾಗೆಯೇ ಇಟ್ಟುಕೊಂಡು ಅವನು ಜಾಲಿ ಮರದ ಬುಡ ಸೇರಿದ. ಚಿಗಳಿ ಮರಿಯನ್ನು ಕಚ್ಚಿಕೊಂಡು ಅವನ ಮಗ್ಗುಲಿಗೆ ಅಂಟಿದಳು. ಹದ್ದು ಎರಡು ಸಲ ಇಳಿಯಿತು. ಎರಡು ಸಲವೂ ಈಟಿಗಳ ಕಾಡು ಕಂಡು ಮೇಲೆದ್ದಿತು. ಇಬ್ಬರೂ ದಡ ಮುಟ್ಟಿದರು.

ಬೋರಜ್ಜ ಹೊಂಗೆ ಮರದ ಬುಡದಲ್ಲಿ ಕಾಯುತ್ತಿದ್ದ. ಚಿಪ್ಪು ತೊಳೆದುಕೊಂಡೂ ಇರಲಿಲ್ಲ.

"ಚಿಗಳಿ, ನಾನು... ಇನ್ನು ಮೇಲೆ ನಾನು ತೀರ್ಪು ಹೇಳುವುದಿಲ್ಲವ್ವ. ನನ್ನದು ದೊಡ್ಡ ತಪ್ಪಾಯಿತು. ನನ್ನನ್ನು..."

ಚಿಗಳಿ ಮರಿಯನ್ನು ಒಂದು ಗಳಿಗೆ ನೆಲಕ್ಕಿಟ್ಟಳು. ಅದರ ಮೈ ತಣ್ಣಗಿತ್ತು.

"ಆಮೇಲೆ ಮಾತಾಡೋಣ ಅಜ್ಜ," ಎಂದಳು ಅವನ ಕಡೆ ನೋಡದೆ. "ಮೊದಲು ನನ್ನ ಮಗು ಬೆಚ್ಚಗಾಗಲಿ."

ಮರಿಯನ್ನು ಮತ್ತೆ ಕಚ್ಚಿಕೊಂಡು ಅವಳು ಸರಸರ ಮರ ಹತ್ತಿದಳು. ಬೋರಜ್ಜ ಮರದ ಬುಡದಲ್ಲೇ ಕೂತ. ಪೊಟರೆಯಿಂದ ಎರಡು ಮರಿಗಳ ಚೀಂಗುಟ್ಟುವಿಕೆ ಕೇಳುತ್ತಿತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಮೂರನೆಯದರ ದನಿಯೂ ಅದರಲ್ಲಿ ಸೇರಿಕೊಂಡಿತು.

ನೀತಿ: ಭಯ, ಕೋಪ, ದುಃಖ, ಆಸೆ ಒಂದೊಂದೂ ಮೈಯಲ್ಲಿ ಒಂದೊಂದು ರೀತಿ ಕಾಣಿಸಿಕೊಳ್ಳುತ್ತದೆ, ನಡುಗಿದವರನ್ನೆಲ್ಲ ಕಳ್ಳರೆಂದು, ನಡುಗದವರನ್ನೆಲ್ಲ ಒಳ್ಳೆಯವರೆಂದು ತಿಳಿಯಬಾರದು.